ತಪ್ಪು ಮಾಡಿದವರ ಸ್ಟೂಲು

ನಮ್ಮ ಕಾರ್ಖಾನೆಯಲ್ಲಿ ಒಂದೇ ಒಂದು ಸ್ಟೂಲ್ ಇತ್ತು. ಅದರ ಮೇಲೆ ಕೂಡಬೇಕೆಂದರೆ ತಪ್ಪು ಮಾಡಿರಬೇಕಿತ್ತು.

ಸ್ಟೂಲ್ ಫೋರ್‌ಮನ್ ಮಡಿವಾಳಪ್ಪ ಕಾಕಾ ಅವರದು. ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ನನ್ನ ಶೆಡ್ಡು. ನೀರಿನ ಪಂಪಿನೊಳಗೆ ಕೂಡುವ ಕಂಚಿನ ಬುಷ್ ಮಾಡುತ್ತೇವೆ, ದಪ್ಪ ಉಂಗುರದಂಥವು. ಕಾಕಾ ದಿನಾ ತಮ್ಮೂರು ಗರಗದಿಂದ ಬಸ್ಸಿಗೆ ಬರುತ್ತಿದ್ದರು. ಖಾದಿ ಅಂಗಿ, ಕಿವಿಯ ಮೇಲೆ ಮೋಟು ಪೆನ್ಸಿಲ್. ಎಂಟು ತಾಸೂ ನಿಂತೇ ಇರುವವರು. ಯಾರಾದರೂ ಕೆಲಸ ಕೆಡಿಸಿಕೊಂಡು ಸಣ್ಣ ಮುಖ ಮಾಡಿ ಬಂದರೆ ಮಾತ್ರ ಸ್ಟೂಲ್ ಎಳೆದು, "ಕುಂದರಪಾ" ಅನ್ನುವರು. ಅವನು ಕೂತು ಹೇಳಬೇಕು, ಇವರು ನಿಂತು ಕೇಳಬೇಕು. ನಡುವೆ ಬಾಯಿ ಹಾಕುವಂತಿಲ್ಲ. ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ: "ಯಾವಾಗ ಗೊತ್ತಾತು?"

"ಈಗ ರೀ."

"ಹಂಗಾರ ಛಲೋ ಆತು, ನಡಿ." ಇಬ್ಬರೂ ಕೂಡಿ ಯಂತ್ರದ ಕಡೆ ಹೋಗುವರು.

ನನಗೆ ಇದನ್ನು ನೋಡಿದರೆ ಮೈ ಉರಿಯುತ್ತಿತ್ತು. ಒಮ್ಮೆ ಕೇಳಿಯೇ ಬಿಟ್ಟೆ. "ಅಲ್ಲ ಕಾಕಾ, ಮಾಲ್ ಕೆಡಿಸಿದವಗ ಸಿಂಹಾಸನ ಕೊಡ್ತೀರಿ. ನೆಟ್ಟಗ ದುಡದವರು ನಿಂತಿರಬೇಕೇನು?"

"ನಮ್ಮವ್ವ ನೂಲ್ತಿದ್ಲರಿ ಸಾವಕಾರ್ರ. ಎಳಿ ಹರದ ಕೂಡ್ಲೆ ರಾಟಿ ನಿಲ್ಲಸ್ತಿದ್ಲು. ಹರದದ್ದು ಯಾರಿಗೂ ಕಾಣಲಿಲ್ಲ ಅಂತ ತಿರಗಿಸ್ಕೋತ ಕುಂತ್ರ, ಬರೇ ಗಾಳಿ ಸುತ್ತಿದಂಗ."

ರಾಟಿಯಿಂದ ಪಾಠ ಕಲಿಯುವ ಕಾಲ ಹೋಯಿತು ಎಂದು ನನ್ನ ಎಣಿಕೆ. ನಾನು ಕಾಲೇಜು ಕಂಡವನಲ್ಲ. ಲೇಥ್ ಯಂತ್ರದ ಮುಂದೆ ಕೈ ಕಪ್ಪು ಮಾಡಿಕೊಂಡು, ಆಮೇಲೆ ಬರೀ ಬಾಯಿಯ ಬಲದ ಮೇಲೆ ಶೆಡ್ಡು ಎಬ್ಬಿಸಿದವನು. ಮಾತಿನ ವಿಷಯದಲ್ಲಿ ಯಾರೂ ನನಗೆ ಕಲಿಸುವಂಥದ್ದಿಲ್ಲ ಎಂದುಕೊಂಡೇ ಕೇಶ್ವಾಪುರದ ಹೋಟೆಲೊಂದರಲ್ಲಿ ನಡೆದ ಎರಡು ದಿನದ ನಾಯಕತ್ವ ಶಿಬಿರಕ್ಕೆ ಹೋದೆ, ಫೀ ಚೌಕಾಶಿ ಮಾಡಿ. ಕೋಟು ಹಾಕಿಕೊಂಡವರೊಬ್ಬರು ಹೇಳಿದರು: ನಾಯಕನ ಬಾಗಿಲು ಸದಾ ತೆರೆದಿರಬೇಕು, ಕೆಲಸದ ಜಾಗದಲ್ಲಿ ಬೇಡದ ಸಾಮಾನು ಇರಬಾರದು, ದಿನವೂ ಸಂವಹನ ನಡೆಯಬೇಕು.

ನಾನು ಅರ್ಧಂಬರ್ಧ ಮಾಡುವವನಲ್ಲ. ಸೋಮವಾರ ಬಡಿಗೇರನನ್ನು ಕರೆಸಿ ನನ್ನ ಕ್ಯಾಬಿನ್ನಿನ ಬಾಗಿಲನ್ನೇ ಕೀಳಿಸಿದೆ, ಪಕ್ಕದ ಶೆಡ್ಡಿನವರಿಗೆ ಒಳ್ಳೆಯ ದರಕ್ಕೆ ಮಾರಿದೆ. ಬೇಡದ ಸಾಮಾನೆಂದು ಸ್ಟೂಲನ್ನು ಗುಜರಿ ಮೂಲೆಗೆ ಹಾಕಿಸಿದೆ. ಎಲ್ಲರ ಮೊಬೈಲಿಗೂ ಒಂದು ವಾಟ್ಸಾಪ್ ಗುಂಪು ಕಟ್ಟಿ, ಸಂಜೆಗೊಮ್ಮೆ "ಎಲ್ಲ ಸರಿ ಇದೆಯೇ?" ಎಂದು ಕೇಳತೊಡಗಿದೆ. ಹದಿನೆಂಟು ಹೆಬ್ಬೆರಳು ತಪ್ಪದೆ ಮೇಲೇಳುತ್ತಿದ್ದವು.

ಕಾಕಾ ಬರಿದಾದ ಚೌಕಟ್ಟನ್ನು ತಿರುಗಿ ತಿರುಗಿ ನೋಡಿದರು. "ಬಾಗಲಾ ತಗಿಸಿದ್ರಿ, ಛಲೋ ಆತು. ಒಳಗ ಕುಂತವರು ಮೊದಲಿನವರ ಅದಾರಲ್ರಿ?"

ನಾನು ನಕ್ಕೆ. ಶಿಬಿರಕ್ಕೆ ಹೋಗದವರಿಗೆ ಏನು ತಿಳಿದೀತು?

ಅದೇ ಹೊತ್ತಿಗೆ ನಮ್ಮ ದೊಡ್ಡ ಗಿರಾಕಿ, ನಮ್ಮ ಅರ್ಧ ಕೆಲಸ ಅವರದೇ, ಖಡಕ್ಕಾಗಿ ಹೇಳಿದ್ದರು: ಎರಡು ಸಲ ಮಾಲು ವಾಪಸು ಬಂದಿದೆ, ಮೂರನೆಯ ಸಲ ಬಂದರೆ ಆರ್ಡರ್ ಬೇರೆಯವರಿಗೆ. ಹಾಗಾಗಿ ಆ ಸಲದ ಮಾಲಿನ ಮೇಲೆ ನನ್ನ ಜೀವವೇ ಇತ್ತು. ನಿದ್ದೆಯಿಲ್ಲ, ಊಟ ಸೇರದು. ಒತ್ತಡ ನಿಭಾಯಿಸುವ ಬಗ್ಗೆ ಶಿಬಿರದಲ್ಲಿ ಬರೆದುಕೊಂಡ ಹಾಳೆಯನ್ನು ಹುಡುಕುತ್ತ, ಅದು ಸಿಗದ್ದಕ್ಕೂ ಯಾರಿಗಾದರೂ ಬೈಯುತ್ತಿದ್ದೆ. ಬಾಗಿಲಿಲ್ಲದ್ದರಿಂದ ಬೈಗಳು ಕೊನೆಯ ಲೇಥ್‌ವರೆಗೂ ಸ್ಪಷ್ಟವಾಗಿ ಮುಟ್ಟುತ್ತಿದ್ದವು. ಸಂವಹನ ಅಂದರೆ ಅದೇ ನೋಡಿ.

ಆ ವಾರ ಕಾಕಾ ರಜೆಯಲ್ಲಿದ್ದರು. ಮರಳಿ ಬಂದ ದಿನವೇ ಟೆಂಪೋ ತುಂಬಿ ನಿಂತಿತ್ತು. ನಾನು ಕ್ಯಾಬಿನ್ನಿನಲ್ಲಿ ಖುರ್ಚಿ ಬಿಟ್ಟೆದ್ದು ಫೋನಿನಲ್ಲಿ ಯಾರನ್ನೋ ಜಾಡಿಸುತ್ತಿದ್ದೆ. ಕಾಕಾ ಒಳಗೆ ಬಂದರು. ಕೈಯಲ್ಲಿ ಸ್ಟೂಲ್. ಗುಜರಿಯ ಧೂಳನ್ನು ಹೆಗಲ ಮೇಲಿನ ಟಾವೆಲ್ಲಿನಿಂದ ಒರೆಸಿ ನನ್ನ ಮುಂದಿಟ್ಟರು.

"ಕುಂದರ್ರಿ ಸಾವಕಾರ್ರ."

ಹೊರಗೆ ಎಲ್ಲ ಯಂತ್ರ ನಿಂತಿದ್ದವು. ಹದಿನೆಂಟು ಮಂದಿ ನೋಡುತ್ತಿದ್ದರು. ಮುಚ್ಚಿಕೊಳ್ಳೋಣವೆಂದರೆ ಬಾಗಿಲನ್ನು ನಾನೇ ಮಾರಿದ್ದೆ. ಕೂತೆ.

ಆಗಿದ್ದು ಇಷ್ಟು. ಒಳಗಿನ ತೂತಿನ ಅಳತೆ ಬದಲಾಗಿದೆ ಎಂದು ಗಿರಾಕಿ ಫೋನಿನಲ್ಲಿ ಹೇಳಿದ್ದರು. ನಾನು ಆಗ ದರ ಜಗ್ಗಾಡುವ ಭರದಲ್ಲಿದ್ದೆ. ದರ ಗೆದ್ದೆ, ಅಳತೆ ಮರೆತೆ. ಕೆಲಸದವರ ಕೈಗೆ ಹಳೆಯ ನಕ್ಷೆಯನ್ನೇ ಕೊಟ್ಟೆ. ಗಿರಾಕಿ ಕಳಿಸಿದ ಮಾದರಿ ಬುಷ್ಷಿಗೆ ನಮ್ಮದು ತಾಳೆಯಾಗುವುದಿಲ್ಲವೆಂದು ಲೇಥ್ ಮೇಲಿನ ಈರಪ್ಪನಿಗೆ ನಾಲ್ಕು ದಿನದ ಹಿಂದೆಯೇ ತಿಳಿದಿತ್ತು. ಕಾಕಾ ಬಂದ ಕೂಡಲೇ ಅವರಿಗೆ ಹೇಳಿದ್ದ, ಈಗ ಅವರ ಹಿಂದೆಯೇ ಬಂದು ನಿಂತಿದ್ದ.

"ನಾಕ ದಿನದಿಂದ ಬಾಯಿಗೆ ಏನ್ ಹಾಕ್ಕೊಂಡಿದ್ಯೋ?" ಎಂದು ಸ್ಟೂಲಿನಿಂದಲೇ ಗುಡುಗಿದೆ.

"ಎರಡ ಸಲ ಬಂದಿದ್ನಿರಿ. ಒಳಗ ಬೈಯಾಕತ್ತಿದ್ರಿ. ಬಾಗಲಾ ಇದ್ದಿದ್ರ ತಟ್ಟತಿದ್ನಿ."

"ದಿನಾ ಹೆಬ್ಬಟ್ಟ ಒತ್ತತಿದ್ದೆಲ್ಲ?"

"ಎಲ್ಲಾರೂ ಒತ್ತಿದ್ರು, ನಾನೂ ಒತ್ತಿದ್ನಿ."

ಕಾಕಾ ಈರಪ್ಪನ ಮುಂದೆ ಅಡ್ಡ ನಿಂತರು. "ಸ್ಟೂಲ್ ಮ್ಯಾಲೆ ಕುಂತವರು ಬೈಯೂ ಪದ್ಧತಿ ಇಲ್ರಿ. ತೂತು ಸಣ್ಣದಾಗೇತಿ, ಹಿಗ್ಗಸಾಕ ಬರತೈತಿ. ದೊಡ್ಡದಾಗಿದ್ರ ಎಲ್ಲಾ ಗುಜರಿ. ಟೆಂಪೋ ಇಳಸ್ತೇವಿ. ನೀವು ಅವರಿಗೆ ಫೋನ್ ಹಚ್ಚಿ ಖರೇ ಹೇಳ್ರಿ."

ಇಷ್ಟು ವರ್ಷದ ವ್ಯವಹಾರದಲ್ಲಿ ಕಂಚು ಕೊಟ್ಟವರ ತಪ್ಪು, ಕರೆಂಟಿನ ತಪ್ಪು, ಟೆಂಪೋದ ತಪ್ಪು ಎಲ್ಲವನ್ನೂ ಸುಲಭವಾಗಿ ಹೇಳಿದ್ದೆ. "ನನ್ನ ತಪ್ಪು" ಅನ್ನಲು ನಾಲಿಗೆ ಏಳಲಿಲ್ಲ. ಕಡೆಗೆ ಹೇಳಿದೆ. ಆ ಕಡೆಯವರು, "ಮಾಲ್ ಮುಟ್ಟೂಕಿಂತ ಮೊದಲ ಹೇಳಿದ್ರಲ್ಲ, ಬದುಕಿದ್ರಿ. ಎಂಟ ದಿನ ಕೊಡ್ತೀನಿ" ಅಂದರು. ನಾನು ಹತ್ತು ಕೇಳಿದೆ. ಹುಟ್ಟುಗುಣ.

ಆರ್ಡರ್ ಉಳಿಯಿತು. ಸ್ಟೂಲ್ ತನ್ನ ಜಾಗಕ್ಕೆ ಬಂತು. ಬಾಗಿಲನ್ನು ಪಕ್ಕದವರಿಂದ ಮಾರಿದ್ದಕ್ಕಿಂತ ಹೆಚ್ಚು ಕೊಟ್ಟು ಮರಳಿ ತಂದೆ. ಧಂಧೆ ಮಾಡುವ ತಮ್ಮಂದಿರಿಗೆ ನನ್ನ ಸಲಹೆ ಇಷ್ಟೇ: ಕೆಟ್ಟ ಸುದ್ದಿ ತಂದವನಿಗೆ ಮೊದಲು ಕೂಡಲು ಕೊಡಿ, ಬೈಯುವುದಿದ್ದರೆ ಸುದ್ದಿ ಪೂರ್ತಿ ಕೇಳಿದ ಮೇಲೆ ಬೈಯಿರಿ. ಈ ಸಲಹೆಯನ್ನು ನಾನು ಎಲ್ಲರಿಗೂ ಕೊಡುತ್ತೇನೆ. ಪಾಲಿಸುವುದು ಸ್ವಲ್ಪ ಕಷ್ಟ.

ಕಾಕಾರನ್ನು ಕಡೆಯ ಸಲ ಕಂಡಿದ್ದು ಗರಗದಲ್ಲಿ, ಅವರು ತೀರಿಕೊಳ್ಳುವ ತಿಂಗಳ ಮೊದಲು. ನಿವೃತ್ತರಾಗಿ ವರ್ಷದ ಮೇಲಾಗಿತ್ತು. ಮೊಣಕಾಲು ಹಿಡಿದುಕೊಂಡಿದ್ದವು, ಮನೆಯ ಮುಂದೆ ಖುರ್ಚಿ ಹಾಕಿಕೊಂಡು ಕೂತಿದ್ದರು. ಚಹಾ ಆಯಿತು. ಹೊರಡಲು ಎದ್ದು ನಿಂತು, ಅವರಿಗೂ ಸಂತೋಷವಾಗಲಿ ಎಂದು ಹೇಳಿದೆ: "ನೀವು ಕಲಿಸಿದಂಗ ಎಲ್ಲಾ ಛಲೋ ನಡದೈತಿ ಕಾಕಾ. ಆರ ತಿಂಗಳಾತು, ಒಬ್ಬರೂ ಸ್ಟೂಲ್ ಮ್ಯಾಲೆ ಕುಂತಿಲ್ಲ. ಧೂಳ ಹಿಡದೈತಿ ನೋಡ್ರಿ."

ಅವರು ನಗಲಿಲ್ಲ. ಗೋಡೆಗೆ ಕೈಯಾನಿಸಿ ಮೆಲ್ಲಗೆ ಎದ್ದರು. ತಮ್ಮ ಖುರ್ಚಿಯನ್ನು ನನ್ನ ಕಡೆ ಸರಿಸಿದರು.

"ಕುಂದರ್ರಿ ಸಾವಕಾರ್ರ."

ಕೂತೆ. ಅವರು ನಿಂತೇ ಇದ್ದರು. ಹದಿನೆಂಟು ಮಂದಿ ಆರು ತಿಂಗಳು ಒಂದೂ ತಪ್ಪು ಮಾಡಿಲ್ಲ ಎನ್ನಲು ಹೊರಟೆ, ಸಂಜೆಗೊಮ್ಮೆ ಮೇಲೇಳುತ್ತಿದ್ದ ಹದಿನೆಂಟು ಹೆಬ್ಬೆರಳು ನೆನಪಾದವು. ಆಗ ಕಾಕಾ ಕೇಳಿದರು: "ಯಾವಾಗ ಗೊತ್ತಾತ್ರಿ?"

"ಈಗ, ಕಾಕಾ."

"ಹಂಗಾರ ಛಲೋ ಆತು, ನಡೀರಿ."