ಕೆಳಗಿಟ್ಟ ಕಾಫಿ

ನಮ್ಮ ಆಫೀಸಿನ ಡ್ರೈವರ್ ಕಾಕನ ಎಡಗೈ ಬಲಗೈಗಿಂತ ಎರಡು ಪಟ್ಟು ಕಪ್ಪಾಗಿತ್ತು. ಕಾರಿನ ಕಿಟಕಿಯಲ್ಲಿ ಆ ಕೈಯನ್ನು ಹದಿನೆಂಟು ವರ್ಷ ಕತಾರಿನ ಬಿಸಿಲಿಗೆ ಒಡ್ಡಿದ್ದರು. ಮಂಗಳೂರು ಕಡೆಯ ಬ್ಯಾರಿ. ಏನು ಕೇಳಿದರೂ ಮೊದಲು ಒಂದು ನಿಟ್ಟುಸಿರು, ಆಮೇಲೆ ಮಾತು.

ಅದು ತೊಂಬತ್ತರ ದಶಕ. ನಮ್ಮ ಮಾಲೀಕನ ವಯಸ್ಸಾದ ತಂದೆ ಚಳಿಗಾಲವಿಡೀ ಒಂಟೆಗಳ ಜೊತೆ ಮರುಭೂಮಿಯ ಡೇರೆಯಲ್ಲೇ ಇರುತ್ತಿದ್ದರು. ಪ್ರತಿ ಶುಕ್ರವಾರ, ಆಫೀಸಿಗೆ ರಜೆಯ ದಿನ, ಕಾಕ ಅಲ್ಲಿಗೆ ನೀರು, ಸಾಮಾನು ಒಯ್ಯುತ್ತಿದ್ದರು. ಮೈಸೂರಿನವನಾದ ನನಗೆ ಮರುಭೂಮಿ ನೋಡುವ ಚಪಲ. ಕಾಡಿ ಬೇಡಿ ಜೊತೆಗೆ ಹೊರಟೆ.

ಡೇರೆ ಇನ್ನೂ ದೂರವಿರುವಾಗಲೇ ಗಾಡಿ ನಿಲ್ಲಿಸಿದರು. ಹಾರ್ನ್ ಹೊಡೆಯಿರಿ ಎಂದೆ.

"ಅವರ ಅಂಗಳ ಇಲ್ಲಿಂದಲೇ ಶುರು ಸಾರ್. ಕರೆದ ಮೇಲೆ ಹೋಗುವ. ಕ್ಯಾಮೆರಾ ಬ್ಯಾಗಲ್ಲೇ ಇರ್ಲಿ."

"ಬರೀ ಮರಳಲ್ವಾ ಕಾಕಾ?"

"ನಿಮಗೆ ಮರಳು ಮಾರಾಯ್ರೆ."

ಮುದುಕರು ಹೊರಬಂದು ಕೈಬೀಸಿ ಕರೆದರು. ಪುಟ್ಟ ಬಟ್ಟಲಲ್ಲಿ ಕಾಫಿ ಕೊಟ್ಟರು. ಹಾಲಿಲ್ಲ, ಸಕ್ಕರೆಯಿಲ್ಲ, ಏಲಕ್ಕಿ ಹಾಕಿದ ಕಹಿ ಕಷಾಯ! ಸ್ವಲ್ಪ ಆರಲಿ ಎಂದು ಕುಡಿಯದೆ ಕೆಳಗಿಟ್ಟೆ. ಮುದುಕರು ಮಾತು ನಿಲ್ಲಿಸಿ, ನೆಟ್ಟಗೆ ಕೂತು, ನನ್ನನ್ನು ಏನೋ ಕೇಳಿದರು.

ಕಾಕ ಪಿಸುಗುಟ್ಟಿದರು: "ಅತಿಥಿ ಕಾಫಿ ಕುಡಿಯದೆ ಇಟ್ರೆ ಏನೋ ಬೇಡಿಕೆ ಉಂಟು ಅಂತ ಅರ್ಥ ಸಾರ್. ಏನು ಬೇಕು ಅಂತ ಕೇಳ್ತಿದ್ದಾರೆ. ಇನ್ನು ಅವರು ಇಲ್ಲ ಅನ್ನುವ ಹಾಗಿಲ್ಲ."

ನನಗೆ ತಟ್ಟನೆ ಹೊಳೆಯಿತು. ಮುಂದಿನ ತಿಂಗಳು ಕಾಕನ ಮಗಳ ಮದುವೆ. ಮಾಲೀಕ ರಜೆ ಕೊಡದೆ ಸತಾಯಿಸುತ್ತಿದ್ದ. ತಂದೆ ಒಂದು ಮಾತು ಹೇಳಿದರೆ ತೆಪ್ಪಗೆ ಸಹಿ ಹಾಕುತ್ತಿದ್ದ.

"ನಿಮ್ಮ ರಜೆ ಕೇಳಿ ಕಾಕಾ!"

ಕಾಕ ಒಂದು ಗಳಿಗೆ ಆ ಬಟ್ಟಲನ್ನೇ ನೋಡಿದರು. ಆಮೇಲೆ ಅರಬಿಯಲ್ಲಿ ಏನೋ ಹೇಳಿದರು. ಮುದುಕರು ಬೊಚ್ಚುಬಾಯಿ ಬಿಟ್ಟು ನಕ್ಕು ನನ್ನ ಕೈಗೆ ಖರ್ಜೂರ ಹಾಕಿದರು.

ವಾಪಸ್ ಬರುವಾಗ ರೇಗಿದೆ. "ತಲೆಗಿಲೆ ಕೆಟ್ಟಿದ್ಯಾ? ಏನು ಹೇಳಿದ್ರಿ ಅವರಿಗೆ?"

"ಬಿಸಿ ಇತ್ತು, ಗೊತ್ತಿಲ್ಲದೆ ಇಟ್ರು ಅಂದೆ. ಗೊತ್ತಿಲ್ಲದೆ ಇಟ್ಟ ಕಾಫಿ ಮೇಲೆ ಕೇಳಿದ್ರೆ ಮೋಸ ಆಗ್ತದೆ ಸಾರ್. ಅವರಿಗೆ ಅದು ಆಟ ಅಲ್ಲ."

"ಹಾಗಾದ್ರೆ ನೀವೇ ಒಂದಿನ ಇಡಿ."

"ನಾನು ಅಲ್ಲಿ ಅತಿಥಿಯಾ? ಡ್ರೈವರ್." ನಿಟ್ಟುಸಿರು ಬಿಟ್ಟರು. "ಖಲಾಸ್, ಬಿಡಿ."

ಮದುವೆ ಅವರಿಲ್ಲದೆಯೇ ನಡೆಯಿತು. ಈಗ ಕಾಕನೂ ಇಲ್ಲ. ಅವರನ್ನು ನೆನೆದಾಗಲೆಲ್ಲ ನನಗೆ ನನ್ನ ಮೇಲೇ ಬೇಸರವಾಗುತ್ತದೆ. ಮದುವೆಗೆ ಮುಂಚೆ ಇನ್ನೂ ಮೂರು ಶುಕ್ರವಾರಗಳಿದ್ದವು. ಪದ್ಧತಿ ಏನೆಂದು ನನಗಾಗಲೇ ಗೊತ್ತಾಗಿತ್ತು, ನಾನು ಅತಿಥಿಯೂ ಹೌದು. ಗೊತ್ತಿದ್ದೇ ಕಾಫಿ ಕೆಳಗಿಟ್ಟು ಕೇಳಬಹುದಿತ್ತು. ವಾರವಿಡೀ ದುಡಿದ ಸುಸ್ತು ಎಂದುಕೊಂಡು ಮೂರು ಶುಕ್ರವಾರವೂ ರೂಮಿನಲ್ಲಿ ಮಲಗಿಬಿಟ್ಟೆ.