ಅವ್ವ ಹೇಳದ ಹೆಸರು

ನಮ್ಮ ಮನೆಯ ಗಂಡುಮಕ್ಕಳಿಗೆ ಎರಡೇ ಹೆಸರು. ಅಜ್ಜನ ಹೆಸರು ಮೊಮ್ಮಗನಿಗೆ, ಮುತ್ತಜ್ಜನ ಹೆಸರು ಅಪ್ಪನಿಗೆ. ಹೀಗೆ ಅವೇ ಎರಡು ಹೆಸರು ಸರದಿಯ ಮೇಲೆ ತಿರುಗುತ್ತಾ ಬಂದಿದ್ದವು. ಹಾಗಾಗಿ ನನ್ನ ಅಣ್ಣನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರನ್ನೂ ಸಾಲಾಗಿ ಬರೆದರೆ ಅಜ್ಜನೇ ಎದ್ದು ಬಂದ ಹಾಗಾಗುತ್ತಿತ್ತು. ಹೊಸದೊಂದು ಹೆಸರಿಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತೋ. ನನಗಂತೂ ಇಂದಿಗೂ ಸಿಟ್ಟಿದೆ.

ಮಾವನ ಹೆಸರನ್ನು ಸೊಸೆ ಬಾಯಲ್ಲಿ ಅನ್ನಬಾರದು. ಆದ್ದರಿಂದ ಅವ್ವ ತಾನು ಹೆತ್ತ ಮಗನನ್ನೇ ಹೆಸರು ಹಿಡಿದು ಕರೆಯಲಿಲ್ಲ. ತಮ್ಮಾ ಅನ್ನುತ್ತಿದ್ದಳು. ಮೀಸೆ ಬಂದ ಮೇಲೂ ಅವನು ಅವಳಿಗೆ ತಮ್ಮನೇ.

ಅಜ್ಜ ತೀರಿಕೊಂಡದ್ದು ಪಂಢರಪುರದಲ್ಲಿ. ಏಕಾದಶಿಗೆಂದು ಊರವರ ಜೊತೆ ಸೊಸೆಯನ್ನೂ ಕರೆದುಕೊಂಡು ಹೋಗಿದ್ದ, ಜ್ವರ ಬಂದು ಅಲ್ಲೇ ಹೋದ. ಅಣ್ಣ ಆಗ ಅವ್ವನ ಹೊಟ್ಟೆಯಲ್ಲಿದ್ದ. ಊರಲ್ಲಿ ಆಗದ ಸಾವನ್ನು ಊರಿನ ಹುಟ್ಟು ಸಾವು ದಾಖಲಿಸುವ ತಲಾಠಿಯ ಹತ್ತಿರ ಬರೆಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಊರಿನ ಸೊಸೈಟಿಯಲ್ಲಿ ಅಜ್ಜನ ಶೇರೂ ಹಾಗೇ ಉಳಿಯಿತು. ಅಣ್ಣ ದೊಡ್ಡವನಾದ ಮೇಲೆ, ಅದನ್ನು ಅವನಿಗೆ ವರ್ಗ ಮಾಡಿಸಿರೆಂದು ಅವ್ವ ಹೇಳಿದರೆ ಅಪ್ಪ ನಕ್ಕುಬಿಟ್ಟ.

"ಹೆಸರು ಅದೇ, ಅಪ್ಪನ ಹೆಸರು ಅದೇ, ಅಡ್ಡಹೆಸರೂ ಅದೇ. ವರ್ಗ ಮಾಡೂದರ ಏನೈತಿ?"

ಆ ಒಂದು ಮಾತು ನಮಗೆ ಮುಳುವಾಯಿತು.

ಎಂಬತ್ತರ ದಶಕದ ಕೊನೆಗೆ ಅಪ್ಪ ಹೋದ. ಆಮೇಲೆ ಅಣ್ಣನಿಗೆ ಗಿರಣಿಯ ಹುಚ್ಚು ಹಿಡಿಯಿತು. ನಿಪ್ಪಾಣಿ ಕಡೆಯ ಅಕ್ಕೋಳದಾಚೆಯ ನಮ್ಮ ಊರಲ್ಲಿ ಆಗ ಹಿಟ್ಟಿನ ಗಿರಣಿ ಇರಲಿಲ್ಲ. ಬಸ್ಸು ನಿಲ್ಲುವಲ್ಲಿ ಬಾಡಿಗೆಗೆ ಒಂದು ಖೋಲಿ ಗೊತ್ತು ಮಾಡಿದ. ದೀಪಾವಳಿಯ ತನಕ ಕಾಯುತ್ತೇನೆಂದ ಖೋಲಿಯ ಮಾಲಕ. ಊರು ಬಿಡದೆ ಬದುಕಲು ಅಣ್ಣನಿಗೆ ಅದೊಂದೇ ದಾರಿ. ಅದಿಲ್ಲದಿದ್ದರೆ ಗಡಿಯಾಚೆ ಇಚಲಕರಂಜಿಯಲ್ಲಿ ಮಗ್ಗದ ಕೂಲಿ. ಸೊಸೈಟಿಗೆ ಸಾಲ ಕೇಳಲು ಹೋದರೆ ಕಾರ್ಯದರ್ಶಿ ಹಳೆಯ ಪುಸ್ತಕ ತಿರುವಿ ಅಣ್ಣನ ಮುಖ ನೋಡಿದರು.

"ನಿನ್ನ ಹೆಸರು ಬಾಕಿದಾರರ ಯಾದಿಯೊಳಗ ಐತಲ್ಲೋ. ಇಂಜಿನ್ ಸಾಲ ಹಂಗ ಉಳದೈತಿ."

ಬಾವಿಯ ಇಂಜಿನ್ನಿಗೆಂದು ಅಜ್ಜ ತಂದ ಸಾಲ ಅದು. ಅಪ್ಪ ತಂಬಾಕು ಮಾರಿ ಅದನ್ನು ತೀರಿಸಿದ್ದು ಓಣಿಗೆಲ್ಲ ಗೊತ್ತು. ಅದು ಪುಸ್ತಕಕ್ಕೆ ಏರಿರಲಿಲ್ಲ, ಪಾವತಿಯ ಚೀಟಿ ಇಲಿಗಳ ಪಾಲಾಗಿತ್ತು. ಉಪ್ಪು ತಿಂದವ ನೀರು ಕುಡಿಯಬೇಕು ಎನ್ನುತ್ತಾರೆ. ಇಲ್ಲಿ ತಿಂದವರು ನೀರೂ ಕುಡಿದು ಹೋಗಿದ್ದರು, ಬಾಕಿ ಮಾತ್ರ ಆಗಿನ್ನೂ ಹುಟ್ಟದಿದ್ದವನ ತಲೆಗೆ ಬಂದಿತ್ತು.

"ನಾ ಹುಟ್ಟೂಕಿಂತ ಮೊದಲ ಸಾಲ ಮಾಡೇನೇನ್ರಿ?" ಎಂದ ಅಣ್ಣ.

"ನನಗೂ ತಿಳಿತೈತೋ ಮಾರಾಯಾ. ಆದ್ರ ಪುಸ್ತಕದಾಗ ಇಬ್ಬರಿಲ್ಲ, ಒಬ್ಬನ ಅದಾನ. ನಿಮ್ಮಜ್ಜ ತೀರಿಕೊಂಡಿದ್ದರ ದಾಖಲೆ ತಾ. ಮೀಟಿಂಗಿನ್ಯಾಗ ಇಟ್ಟು ನಿನ್ನ ಮ್ಯಾಲಿನ ಬಾಕಿ ತೆಗಿತೀವಿ."

ಅಷ್ಟು ಹಳೆಯ ಸಾವನ್ನು ಕೋರ್ಟಿನ ಹುಕುಂ ಇಲ್ಲದೆ ಬರೆಯಲು ಬರುವುದಿಲ್ಲ ಎಂದ ತಲಾಠಿ. ಸಾವನ್ನು ಕಣ್ಣಾರೆ ಕಂಡವರು ಸಾಕ್ಷಿ ಹೇಳಬೇಕು ಎಂದರು ಚಿಕ್ಕೋಡಿಯ ವಕೀಲರು. ಪಂಢರಪುರಕ್ಕೆ ಹೋದವರಲ್ಲಿ ಉಳಿದವಳು ಅವ್ವ ಒಬ್ಬಳೇ.

ಚಿಕ್ಕೋಡಿಯ ಬಸ್ಸಿನಲ್ಲಿ ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದಳು. ಮಾವನ ಹೆಸರು ಹೇಳುವ ಸಂಕೋಚವೆಂದು ನಾನು ತಿಳಿದೆ.

"ಕೋರ್ಟಿನ್ಯಾಗ ಎಲ್ಲಾರೂ ಹೇಳ್ತಾರ ಬೇ. ದೇವರೇನು ಸಿಟ್ಟಾಗೂದಿಲ್ಲ," ಎಂದೆ.

"ಅದಲ್ಲ ಮಗಳ," ಎಂದಳು ಮೆಲ್ಲಗೆ. "ಹಡದಾಗಿಂದ ಆ ಹೆಸರು ಬಾಯಾಗ ತಂದಿಲ್ಲ. ಈಗ ಮೊದಲನೇ ಸಲ ತಂದು, ತೀರಿಕೊಂಡಾರ ಅಂತ ಹೆಂಗ ಅನ್ಲಿ? ಅದು ನನ್ನ ಮಗನ ಹೆಸರೂ ಹೌದಲ್ಲ?"

ಮುಂದಿನ ಸೀಟಿನಿಂದ ಅಣ್ಣ ಹಿಂತಿರುಗಿ ನಕ್ಕ.

"ನೀ ಅಂದ ಕೂಡ್ಲೇ ಸಾಯೂ ಮಗ ಅಲ್ಲ ಬೇ ನಾ. ಮೊಮ್ಮಕ್ಕಳ ಕಾಟ ಇನ್ನೂ ಬಾಕಿ ಐತಿ ನಿನಗ."

ಜಡ್ಜ್ ಸಾಹೇಬರು ಸಂಭಾವಿತರು. ಮಾವನ ಹೆಸರೇನೆಂದು ಒಮ್ಮೆ ಕೇಳಿ, ತಡೆದು, ಮತ್ತೊಮ್ಮೆ ಕೇಳಿದರು. ಅವ್ವ ಕಟಕಟೆಯ ಕಟ್ಟಿಗೆ ಹಿಡಿದು ನೆಲ ನೋಡುತ್ತಿದ್ದಳು. ನಾನು ಹೇಳಹೋದರೆ ವಕೀಲರು ಕಣ್ಣು ಕಿಸಿದರು. ಕೊನೆಗೆ ಅವ್ವ ಹೆಸರು ಹೇಳಿದಳು. ಎಷ್ಟು ಸ್ಪಷ್ಟವಾಗಿ ಹೇಳಿದಳೆಂದರೆ ಹೊರಗೆ ವರಾಂಡದಲ್ಲಿದ್ದ ಅಣ್ಣನಿಗೂ ಕೇಳಿಸಿತು. ಅವನು ಬಾಗಿಲಿಗೆ ಬಂದು, "ಏನ ಬೇ?" ಎಂದುಬಿಟ್ಟ. ಬಾಗಿಲು ಕಾಯುವ ಪಟ್ಟೆವಾಲಾ ಅವನನ್ನು ಆಚೆ ಸರಿಸಿದ. ಅವ್ವ ಬಾಗಿಲ ಕಡೆ ನೋಡುತ್ತಲೇ ಮಿಕ್ಕ ಮಾತು ಮುಗಿಸಿದಳು.

"ತೀರಿಕೊಂಡಾರ್ರಿ."

ವಾಪಸು ಬರುವಾಗ ಅಣ್ಣ ಹಿಗ್ಗಿನಲ್ಲಿದ್ದ. "ಇನ್ನೊಂದ್ಸಲ ಕರಿ ಬೇ. ನಿನ್ನ ಬಾಯಾಗ ಚಲೋ ಕೇಳ್ತು," ಎಂದು ಕಾಡಿದ. ಅವ್ವ ಅವನ ಕೆನ್ನೆ ಸವರಿ ಲಟಿಕೆ ಮುರಿದಳು. "ಸುಮ್ನಿರೋ ತಮ್ಮಾ," ಎಂದಳು.

ಹುಕುಂ ಬಂದು, ತಲಾಠಿ ಬರೆದು, ಸೊಸೈಟಿಯ ಮೀಟಿಂಗು ಕೂಡುವ ಹೊತ್ತಿಗೆ ದೀಪಾವಳಿ ಕಳೆದು ಶಿವರಾತ್ರಿ ಬಂದಿತ್ತು. ಬಾಕಿಯನ್ನು ಹೊಡೆದುಹಾಕಿ, ಏನೂ ಬಾಕಿ ಇಲ್ಲವೆಂಬ ಕಾಗದ ಕೊಟ್ಟರು. ಖೋಲಿಯಲ್ಲಿ ಅಷ್ಟರಲ್ಲಾಗಲೇ ಯಾರದೋ ಸೈಕಲ್ ಅಂಗಡಿ ಕೂತಿತ್ತು. ಅಣ್ಣ ಕಾಗದವನ್ನು ದೇವರ ಮುಂದೆ ಇಟ್ಟು ಇಚಲಕರಂಜಿಗೆ ಹೋದ. ನಾಲ್ಕು ದುಡ್ಡು ಕೂಡಿಸಿಕೊಂಡು ಬಂದು ಬೇರೆ ಖೋಲಿ ಹಿಡಿಯುತ್ತೇನೆಂದ. ಮರುವರ್ಷ ಮಳೆಗಾಲದಲ್ಲಿ ಕಣ್ಣು ಹಳದಿ ಮಾಡಿಕೊಂಡು ಬಂದ. ಕಾಮಣಿಗೆ ಊರ ಔಷಧವಾಯಿತು, ನಿಪ್ಪಾಣಿಯ ದವಾಖಾನೆಯಾಯಿತು. ಉಳಿಯಲಿಲ್ಲ ನನ್ನಣ್ಣ.

ಓಣಿಯ ಹೆಂಗಸರೆಲ್ಲ ಅವನ ಹೆಸರು ಹಿಡಿದು ಅತ್ತರು. ಅವ್ವ ಮಾತ್ರ ಬಾಯಿಗೆ ಸೆರಗು ತುರುಕಿಕೊಂಡು ಕೂತಿದ್ದಳು. "ನನ್ನ ಬಾಯಿಗೆ ಬೆಂಕಿ ಬೀಳ್ಲಿ," ಎಂದಷ್ಟೇ ಅಂದಳು. ರೋಗ ಬಂದು ಹೋದ ಬೇ, ನಿನ್ನ ಮಾತಿನಿಂದಲ್ಲ ಎಂದು ಎಷ್ಟು ತಿಳಿಹೇಳಿದರೂ ಅವಳ ಕಿವಿಗೆ ಬೀಳಲಿಲ್ಲ. ಹೇಳುತ್ತಾ ಹೇಳುತ್ತಾ ನನಗೇ ಅಳು ಬರುತ್ತಿತ್ತು.

ಸಾವು ಬರೆಸಲು ಈ ಸಲ ತಡ ಮಾಡಲಿಲ್ಲ. ನಾನು ಹೊರಟಾಗ ಅವ್ವನೂ ಎದ್ದು ಬಂದಳು. ತಲಾಠಿ ಹೊಸಬ. ನಾನು ಹೇಳಿದ ಹೆಸರನ್ನು ಬರೆಯಹೋದವನು ಪೆನ್ನು ಎತ್ತಿ, ಹಿಂದಿನ ಪುಟಗಳನ್ನು ತಿರುವಿದ.

"ಇವರು ಸತ್ತಿದ್ದು ಮೊದಲ ಬರದೈತಲ್ರಿ ಇಲ್ಲಿ. ಮತ್ಯಾಕ ಬರಸ್ತೀರಿ?"

ಒದರಬೇಕೆಂದು ಬಾಯಿ ತೆರೆದೆ. ಅವ್ವ ನನ್ನ ಕೈ ಹಿಡಿದಳು.

"ಅವರು ನಮ್ಮ ಮಾವನೋರ್ರಿ," ಎಂದಳು. "ಇಂವ ನನ್ನ ಮಗ."

ಆಮೇಲೆ ಯಾರೂ ಕೇಳದೆಯೇ ಅವನ ಹೆಸರು ಹೇಳಿದಳು. ಹೇಳಿ, ಬಾಗಿಲ ಕಡೆ ನೋಡಿದಳು.