ಕೆಸರಿನ ಗುಳ್ಳೆ

ಮೀನು ಹುಡುಕುವ ಆ ಪೆಟ್ಟಿಗೆಯನ್ನು ಶಿವಾಜಿನಗರದ ಗುಜರಿಯಿಂದ ತಂದವನು ನಾನೇ. ಟಿ.ವಿ. ರಿಪೇರಿ ಮಾಡುವವನಿಗೆ ಪರದೆ ಇರುವ ಯಾವ ವಸ್ತು ಕಂಡರೂ ಕೈ ತುರಿಸುತ್ತದೆ. ನೀರಿನೊಳಗೆ ಶಬ್ದ ಕಳಿಸಿ, ಅದು ತಾಗಿ ವಾಪಸ್ ಬರುವುದನ್ನು ಕೇಳಿ, ಮೀನಿರುವ ಕಡೆ ಪರದೆಯ ಮೇಲೆ ಮೀನಿನ ಚಿತ್ರ ತೋರಿಸುವ ಯಂತ್ರ ಅದು. ಎರಡು ದಿನ ಕೂತು ಸರಿಮಾಡಿದೆ.

ನನ್ನ ಹೆಂಡತಿಯ ತವರಿನವರು ಕೆ.ಆರ್. ಪುರದ ಆಚೆಯ ಕೆರೆಯೊಂದರಲ್ಲಿ ಮೀನು ಹಿಡಿಯುವವರು. ಏಳೆಂಟು ಜನರ ಗುಂಪು, ಮೂರು ತೆಪ್ಪ. ಗುಂಪಿಗೆಲ್ಲ ನನ್ನ ಮಾವನೇ ಕಿವಿ. ಬೆಳಗ್ಗೆ ನಡುನೀರಿಗೆ ಹೋದಮೇಲೆ ಅವರು ತೆಪ್ಪ ನಡೆಸುವ ಹುಟ್ಟನ್ನು ನೀರಿಗಿಳಿಸಿ, ಅದರ ಹಿಡಿಗೆ ಕಿವಿ ಆನಿಸಿ ಕೂರುತ್ತಿದ್ದರು. ಅವರು ತಲೆ ಎತ್ತುವ ತನಕ ಯಾರೂ ಮಾತಾಡುವಂತಿಲ್ಲ, ಬೀಡಿ ಸಹ ಹಚ್ಚುವಂತಿಲ್ಲ. ಆಮೇಲೆ ಅವರು ಕೈ ತೋರಿದ ಕಡೆ ಬಲೆ. ನನಗೆ ಅದನ್ನು ನೋಡಿ ನಗು ಬರುತ್ತಿತ್ತು.

ಪೆಟ್ಟಿಗೆಯನ್ನು ತೆಪ್ಪಕ್ಕೆ ಕಟ್ಟಿದ ದಿನ ಪರದೆ ತುಂಬ ಮೀನು. ಎಲ್ಲರೂ ನನ್ನ ಬೆನ್ನು ತಟ್ಟಿದರು. ಮಾವ ಮಾತ್ರ ಹುಟ್ಟಿಗೆ ಕಿವಿಯಿಟ್ಟು, "ಇಲ್ಲಿ ಮೀನಿಲ್ಲ ಅಳಿಯಂದ್ರೇ. ಕೆಸರು ಉಸಿರು ಬಿಡ್ತಾ ಇದೆ, ಅಷ್ಟೇ" ಎಂದರು.

"ನಿಮ್ ಕಿವಿಗೆ ವಯಸ್ಸಾಯ್ತು ಮಾವ. ಮಿಷನ್ ಸುಳ್ಳು ಹೇಳುತ್ತಾ?" ಎಂದೆ. ಎಲ್ಲರೂ ನಕ್ಕರು. ಅವರ ಮಗ, ನನ್ನ ಬಾಮೈದ, ಅವನೂ ನಕ್ಕ. ಇವತ್ತಿಗೂ ಆ ಮಾತು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಬಲೆಯಲ್ಲಿ ಬಂದದ್ದು ಕೆಸರು, ಪ್ಲಾಸ್ಟಿಕ್ ಚೀಲ, ಒಂದು ಒಂಟಿ ಚಪ್ಪಲಿ. ಮುದುಕ ಅಪಶಕುನ ನುಡಿದ, ಅದಕ್ಕೇ ಹೀಗಾಯಿತು ಎಂದು ಗುಂಪು ಗೊಣಗಿತು. ನಾನೂ ತಲೆಯಾಡಿಸಿದೆ. ಮರುದಿನದಿಂದ ಮಾವ ಬರಲಿಲ್ಲ.

ಮೂರನೆಯ ದಿನ ತೆಪ್ಪ ಒಂದೇ ಕಡೆ ನಿಂತಿತ್ತು. ಪರದೆಯಲ್ಲಿ ನಾಲ್ಕು ಮೀನು ತಳದಿಂದ ನೇರವಾಗಿ ಮೇಲೇರಿದವು. ಅವು ಮೇಲಂಚು ಮುಟ್ಟುವುದಕ್ಕೂ ನನ್ನ ಪಕ್ಕದ ನೀರಲ್ಲಿ ಗುಳ್ಳೆ ಒಡೆದು ಮೋರಿ ವಾಸನೆ ಮೂಗಿಗೆ ಹೊಡೆಯುವುದಕ್ಕೂ ಸರಿಹೋಯಿತು. ಊರಿನ ಕೊಳಚೆಯೆಲ್ಲ ಹರಿದುಬಂದು ತಳದಲ್ಲಿ ಕೊಳೆಯುತ್ತಿತ್ತು. ಅದರಿಂದೇಳುವ ಗಾಳಿಯನ್ನು ನನ್ನ ಯಂತ್ರ ಮೀನೆಂದು ತೋರಿಸುತ್ತಿತ್ತು. ಮಾವ ಹೇಳಿದ್ದು ಅಕ್ಷರಶಃ ನಿಜ. ಆದರೂ ನಾನು "ಬ್ಯಾಟ್ರಿ ವೀಕು" ಎಂದು ಪೆಟ್ಟಿಗೆ ಮುಚ್ಚಿದೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

ಬರಿಗೈಯಲ್ಲಿ ವಾರ ಕಳೆದಮೇಲೆ ಮಾವನನ್ನು ಕರೆತರಲು ಗುಂಪಿನವರು ನನ್ನನ್ನೇ ಕಳಿಸಿದರು. ರಾಮಮೂರ್ತಿ ನಗರದ ಅವರ ಬಾಡಿಗೆ ಮನೆಯ ಮುಂದೆ ಆ ಹುಟ್ಟು ಬಟ್ಟೆ ಒಣಗಿಸುವ ಹಗ್ಗಕ್ಕೆ ಆಸರೆಯಾಗಿ ನಿಂತಿತ್ತು. ಮಾವ ಕಾಫಿ ಕೊಡಿಸಿದರು. ಅವರ ಮುಖದಲ್ಲಿ ಕೋಪವಿರಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ಬರ್ತೀನಿ ಅಳಿಯಂದ್ರೇ. ಅವತ್ತು ಎಲ್ಲರ ಮುಂದೆ ಅಂದ್ರಲ್ಲ, ಅವರ ಮುಂದೇನೇ ಒಂದ್ಮಾತು ಹೇಳ್ಬಿಡಿ, ನನ್ ಕಿವಿ ಸರಿಯಾಗೇ ಇದೆ ಅಂತ. ಅಷ್ಟು ಸಾಕು."

ಆಗಲಿ ಎಂದು ಎದ್ದು ಬಂದೆ. ಕೆರೆಯ ದಂಡೆಯಲ್ಲಿ ಎಲ್ಲರೂ ಕಾಯುತ್ತಿದ್ದರು. "ಏನಂದ್ರು ಭಾವ?" ಎಂದು ಬಾಮೈದ ಕೇಳಿದ.

"ಅವ್ರಿಗೆ ಈಗ ಕಿವಿ ಸರಿಯಾಗಿ ಕೇಳಲ್ವಂತೆ. ಬರಲ್ಲ ಅಂದ್ರು" ಎಂದೆ.